ಲಂಗದ ಅಂಚಿನಲ್ಲಿ ಉಳಿದ ಮಡಿಕೆ

ನನ್ನ ಟ್ರಂಕಿನ ತಳದಲ್ಲಿ ಹೈಸ್ಕೂಲು ದಿನಗಳ ಒಂದು ನೀಲಿ ಲಂಗ ಇದೆ. ನೆಲ ಒರೆಸುವುದಕ್ಕೆ ಹಳೇ ಬಟ್ಟೆ ಬೇಕೆಂದು ಮನೆಯವರು ಅದಕ್ಕೆ ಕೈಹಾಕಿದಾಗಲೆಲ್ಲ ನಾನು ಹಾರಿಬಿದ್ದು ಕಸಿದುಕೊಂಡಿದ್ದೇನೆ. ಕಾರಣ ಕೇಳಿದರೆ ಒಂದು ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಹತ್ತು ಮಾತಿನಲ್ಲಿ ಹೇಳಿದರೆ ಕೇಳುವ ಪುರುಸೊತ್ತು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ನಿಮಗೆ ಇದೆಯೆಂದುಕೊಂಡು ಹೇಳುತ್ತೇನೆ.

ಚಳ್ಳಕೆರೆಯ ಬಿಸಿಲಿನಲ್ಲಿ ಒಣಗಿ ಒಣಗಿ ಆ ಲಂಗ ಬೂದಿಬಣ್ಣಕ್ಕೆ ತಿರುಗಿದೆ. ಆದರೆ ಕೆಳಗಡೆ ಅಂಚಿನ ಹತ್ತಿರ ಎರಡು ಅಗಲವಾದ ಪಟ್ಟೆಗಳು ಮಾತ್ರ ಅಂಗಡಿಯಿಂದ ಇವತ್ತೇ ತಂದಹಾಗೆ ಕಡುನೀಲಿಯಾಗಿವೆ. ಒಂದು ಕಾಲಕ್ಕೆ ಆ ಬಟ್ಟೆಯನ್ನು ಒಳಗೆ ಮಡಿಸಿ ಹೊಲಿದಿದ್ದರು, ಆಮೇಲೆ ಬಿಚ್ಚಿದರು, ಅದರ ಗುರುತು ಅದು. ಅವೆರಡರ ಮೇಲೆ ಬಿಚ್ಚದೆ ಉಳಿದ ಇನ್ನೊಂದು ಮಡಿಕೆ ಇದೆ. ಅದರ ಹೊಲಿಗೆ ನೀಲಿ ದಾರದ್ದಲ್ಲ, ಬಿಳಿ ದಾರದ್ದು; ಅಂಕುಡೊಂಕಾದ, ಹಲ್ಲಿನಷ್ಟು ದಪ್ಪನೆಯ ಹೊಲಿಗೆ. ಯಾವ ದರ್ಜಿಯೂ ತನ್ನದೆಂದು ಒಪ್ಪಿಕೊಳ್ಳಲಾರ.

ಹೆಣ್ಣುಮಕ್ಕಳ ಲಂಗಕ್ಕೆ ಹೀಗೆ ಮಡಿಕೆ ಇಟ್ಟು ಹೊಲಿಸುವುದು ಆಗ ಎಲ್ಲ ಮನೆಗಳಲ್ಲೂ ಇದ್ದ ರೂಢಿ. ಎಂಟನೆಯ ತರಗತಿಗೆ ಹೊಲಿಸಿದ್ದು ಹತ್ತನೆಯದರ ತನಕ ಬರಬೇಕು, ಹುಡುಗಿ ಬೆಳೆದಹಾಗೆ ಒಂದೊಂದೇ ಮಡಿಕೆ ಬಿಚ್ಚಿದರಾಯಿತು ಎಂಬ ಸಂಸಾರಸ್ಥರ ಜಾಣತನ ಅದು. ನನ್ನ ತಮ್ಮನ ಚಡ್ಡಿಗೆ ಇಂಥ ಉಸಾಬರಿ ಇರಲಿಲ್ಲ. ಅವನು ಬೆಳೆದರೆ ಸೀದಾ ಹೊಸ ಚಡ್ಡಿ ಬರುತ್ತಿತ್ತು, ಊರಿಗೆ ಅದೊಂದು ಸುದ್ದಿಯೂ ಆಗುತ್ತಿರಲಿಲ್ಲ. ನನ್ನ ಲಂಗದ ವಿಷಯ ಹಾಗಲ್ಲ. ನಮ್ಮ ಓಣಿಯ ಹೆಂಗಸರು ಪತ್ರಿಕೆ ಓದುತ್ತಿರಲಿಲ್ಲ, ಲಂಗದ ಅಂಚು ಓದುತ್ತಿದ್ದರು. ಮೊಣಕಾಲ ಕೆಳಗೆ ನಾಲ್ಕು ಬೆರಳು ಇದ್ದ ಅಂಚು ಇದ್ದಕ್ಕಿದ್ದಹಾಗೆ ಹಿಮ್ಮಡಿಗೆ ಇಳಿಯಿತೋ, ಹುಡುಗಿ ದೊಡ್ಡವಳಾದಳು ಎಂದು ಅರ್ಥ. ಕೊಬ್ಬರಿ ಬೆಲ್ಲ ಹಿಡಿದುಕೊಂಡು ಬರುತ್ತಿದ್ದರು, ಆರತಿ ಎತ್ತುತ್ತಿದ್ದರು, ಹಾಡು ಹೇಳುತ್ತಿದ್ದರು. ಅದೆಲ್ಲ ಮುಗಿದ ಮೇಲೆ ಯಾರೋ ಒಬ್ಬರು, ಯಾವಾಗಲೂ ಮೆಲ್ಲಗೆ, "ಇನ್ನು ಸ್ಕೂಲಿಗೆ ಯಾಕಂತೆ?" ಎನ್ನುತ್ತಿದ್ದರು.

ಆ ಪ್ರಶ್ನೆ ಕೇಳಿದವರು ಕೆಟ್ಟವರೆಂದು ನಾನು ಇವತ್ತಿಗೂ ಹೇಳಲಾರೆ. ಜ್ವರ ಬಂದರೆ ರಾತ್ರಿಯೆಲ್ಲ ಎದ್ದು ಕೂರುವವರು, ಹೋಳಿಗೆ ಮಾಡಿದರೆ ಮೊದಲದನ್ನು ನಮಗೆ ಕಳಿಸುವವರು ಅವರೇ. ಜೋರಾಗಿ ನಗಬೇಡ, ಹೊಸ್ತಿಲ ಮೇಲೆ ನಿಲ್ಲಬೇಡ, ಐಸ್‌ಕ್ಯಾಂಡಿ ಚೀಪುತ್ತ ರಸ್ತೆಯಲ್ಲಿ ಬರಬೇಡ ಎಂದು ನನಗೆ ಇಂಥವರೇ ಹೇಳಿದರೆಂದು ಬೆರಳು ತೋರಿಸುವುದಕ್ಕೂ ಆಗುವುದಿಲ್ಲ. ಯಾರೂ ಹೇಳಲಿಲ್ಲ, ಆದರೂ ಎಲ್ಲ ಹುಡುಗಿಯರಿಗೂ ಗೊತ್ತಾಗುತ್ತಿತ್ತು. ಹದಿಹರೆಯವೆಂದರೆ ಮೈ ಬೆಳೆಯುವ ಕಾಲ ಎಂದು ಪಾಠದಲ್ಲಿ ಓದಿದ್ದೆವು. ನಮಗೆ ಅದು ಬೆಳೆದ ಮೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆ ಹಿಡಿದು ನಡೆಯುವ ಕಾಲವಾಗಿತ್ತು.

ಈಗ ನಮ್ಮವ್ವನ ಗುಟ್ಟಿಗೆ ಬರುತ್ತೇನೆ. ಏಳನೆಯ ತರಗತಿಯ ಕೊನೆಯಲ್ಲಿ ಒಂದು ಮಧ್ಯಾಹ್ನ ಹೊಟ್ಟೆನೋವೆಂದು ನಾನು ಶಾಲೆಯಿಂದ ಅಳುತ್ತ ಬಂದಾಗ, ಅವ್ವ ಒಳಗೆ ಕರೆದುಕೊಂಡು ಹೋಗಿ, ಮೈತೊಳೆದು, ಹಳೇ ಸೀರೆಯ ಮೆತ್ತನೆ ತುಂಡು ಕೊಟ್ಟು, ಬಾಯಿಗೆ ಒಂದು ಚೂರು ಬೆಲ್ಲ ಇಟ್ಟಳು. ಆಮೇಲೆ ನನ್ನ ಗಲ್ಲ ಹಿಡಿದು, "ಯಾರಿಗೂ ಹೇಳ್ಬ್ಯಾಡ. ನಿಮ್ಮಜ್ಜಿಗಂತೂ ಹೇಳಲೇಬ್ಯಾಡ," ಎಂದಳು. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ. ಮುಟ್ಟಾದವಳನ್ನು ಮೂಲೆಯಲ್ಲಿ ಕೂರಿಸುವ ಪದ್ಧತಿ ನಮ್ಮಲ್ಲಿರಲಿಲ್ಲ, ಹಾಗಾಗಿ ಬಚ್ಚಿಡುವುದು ಸಾಧ್ಯವಾಯಿತು. ಎಂಟನೆಯ ತರಗತಿಗೆ ಹೊಲಿಸಿದ ಈ ಲಂಗದ ಮೂರು ಮಡಿಕೆಗಳನ್ನೂ ಅವ್ವ ಬಿಚ್ಚಲಿಲ್ಲ. ನಾನು ಜೋಳದ ದಂಟಿನಂತೆ ಎತ್ತರವಾದೆ, ಲಂಗ ಮೊಣಕಾಲಿಗೆ ಹತ್ತಿತು, ಎದುರುಮನೆಯ ಗಂಗಮ್ಮ ದಿನಕ್ಕೊಂದು ಸಲ "ಏನ್ ಬಸಮ್ಮ, ಮಗಳ ಲಂಗಕ್ಕೆ ಬರ ಬಂದೈತಾ?" ಎಂದು ಕೆಣಕಿದಳು. ಅವ್ವ "ಪುರುಸೊತ್ತಿಲ್ಲ ಗಂಗಮ್ಮ, ಮಿಲ್ಲಿನ ಆಳುಗಳಿಗೆ ಬುತ್ತಿ ಕಟ್ಟೋದ್ರಲ್ಲೇ ಹೊತ್ತು ಹೋಗ್ತೈತೆ," ಎಂದು ನಕ್ಕು ಒಳಗೆ ಬರುತ್ತಿದ್ದಳು. ಅಪ್ಪನ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಆಳುಗಳಿದ್ದದ್ದು ನಿಜ, ಪುರುಸೊತ್ತಿಲ್ಲದ್ದು ಸುಳ್ಳು.

ಅಜ್ಜಿಗೆ ಯಾಕೆ ಹೇಳಬಾರದು ಎಂಬುದು ಆಗ ನನಗೆ ತಿಳಿಯಲಿಲ್ಲ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅಜ್ಜಿ ಎಂದರೆ ಅವ್ವನ ತಾಯಿ, ಮೊಳಕಾಲ್ಮೂರಿನವಳು. ಅವಳ ಕೊನೆಯ ಮಗ ಶೇಖರಮಾವ ಅಲ್ಲಿನ ಮಗ್ಗದ ಮನೆಗಳಿಂದ ರೇಷ್ಮೆ ಸೀರೆ ಕೊಂಡು ಮಾರುತ್ತಿದ್ದ. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ನಾನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ಈ ಸಂಬಂಧವನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದಳು, ನಾನು ದೊಡ್ಡವಳಾಗುವುದನ್ನೇ ಕಾಯುತ್ತಿದ್ದಳು. ಶೇಖರಮಾವನಾದರೋ ನನಗೆ ಸೈಕಲ್ ಕಲಿಸಿದವನು, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬ್ರಹ್ಮಗಿರಿಯ ಬಂಡೆಯ ಮೇಲಿನ ಹಳೇ ಶಾಸನದ ಅಕ್ಷರ ತೋರಿಸಲು ಕರೆದೊಯ್ದವನು, ದಾರಿಯುದ್ದಕ್ಕೂ ನನ್ನ ಕೈಲಿ ಮಗ್ಗಿ ಹೇಳಿಸಿ ತಾನೇ ತಪ್ಪು ಹೇಳಿ ನಗಿಸಿದವನು. ಅವನು ಗಂಡನಾಗಬಹುದೆಂಬುದು ನನ್ನ ತಲೆಯ ಯಾವ ಮೂಲೆಯಲ್ಲೂ ಇರಲಿಲ್ಲ. ಒಂದು ವರ್ಷ ನನ್ನ ಶಾಲೆಯನ್ನೂ ನನ್ನ ಮಾವನನ್ನೂ ಆ ಮೂರು ಮಡಿಕೆಗಳು ನನಗಾಗಿ ಹಿಡಿದಿಟ್ಟಿದ್ದವು.

ನನಗೋ ಆ ಮಡಿಕೆಗಳ ಮೇಲೆ ಎಲ್ಲಿಲ್ಲದ ಸಿಟ್ಟು. ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಹೂವಿನ ಜಡೆ ಹಾಕಿಸಿಕೊಂಡು, ಎಳ್ಳುಬೆಲ್ಲದ ಚಿಗಳಿ ತಿಂದು, ಉದ್ದ ಲಂಗದ ನೆರಿಗೆ ಎತ್ತಿ ಹಿಡಿದು ನಡೆಯುವಾಗ ನಾನು ಕೊಕ್ಕರೆಯಂತೆ ಕಾಲು ಕಾಣಿಸಿಕೊಂಡು ಹೋಗಬೇಕಿತ್ತು. ನನಗೂ ಆರತಿ ಬೇಕಿತ್ತು, ನನಗೂ ಹಾಡು ಬೇಕಿತ್ತು. ಅವ್ವನಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲವೆಂದು ಹಿತ್ತಲಲ್ಲಿ ಕೂತು ಅತ್ತಿದ್ದೇನೆ.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಓಬಕ್ಕನಿಗೆ ಈ ಸಿಟ್ಟು ಕಂಡರೆ ನಗು. ಅವಳು ನನ್ನಿವಾಳದ ಕಡೆಯ ಒಂದು ಹಟ್ಟಿಯಿಂದ ಬರುತ್ತಿದ್ದ ಕುರಿಗಾರರ ಹುಡುಗಿ, ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದು. ಎಂಟನೆಯ ತರಗತಿಯ ದಸರಾ ರಜೆಯ ಹೊತ್ತಿಗೆ ಅವಳು ದೊಡ್ಡವಳಾದಳು. ಅವಳ ಹಟ್ಟಿಯಲ್ಲಿ ಬಚ್ಚಿಡುವ ಮಾತೇ ಇಲ್ಲ. ದೇವರ ಹಟ್ಟಿ ಅದು, ಹೊರಗಾದವರು ಬೇಲಿಯಾಚೆ ಗುಡಿಸಲಲ್ಲಿ ಇರಬೇಕು, ಹುಡುಗಿ ಅಲ್ಲಿ ಕೂತ ಗಳಿಗೆಯೇ ಊರಿಗೆಲ್ಲ ಡಂಗುರ. ಮರಳಿ ಬಂದಾಗ "ಭಯ ಆಗ್ಲಿಲ್ವೇನೇ?" ಎಂದು ಕೇಳಿದೆ. "ಭಯ ಏನು? ಅಲ್ಲಿ ಕುಂತ್ರೆ ಯಾರೂ ಕೆಲಸ ಹೇಳಲ್ಲ ಕಣೇ. ಚಳಿ ಒಂದೇ," ಎಂದಳು. ಅವಳ ಲಂಗ ಹಿಮ್ಮಡಿ ಮುಟ್ಟುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಅವಳ ಜಾಗ ಖಾಲಿಯಾಯಿತು, ಮದುವೆ ಗೊತ್ತಾಗಿದೆಯಂತೆ ಎಂದು ಯಾರೋ ಹೇಳಿದರು. ಮೇಷ್ಟ್ರು ಹಾಜರಿಯಲ್ಲಿ ಅವಳ ಹೆಸರನ್ನು ದಾಟಿಕೊಂಡು ಮುಂದಿನದಕ್ಕೆ ಹೋದರು. ನಾನು ಬ್ಯಾಗನ್ನು ಆ ಜಾಗದಲ್ಲಿಟ್ಟು ಹಾಯಾಗಿ ಕೂತೆ.

ಆ ಬೇಸಿಗೆ ರಜೆಗೆ ಅವ್ವ ನನ್ನನ್ನು ಮೊಳಕಾಲ್ಮೂರಿಗೆ ಕಳಿಸಿದಳು. ತಿಂಗಳ ದಿನ ನೋಡಿಕೊಂಡೇ ಕಳಿಸಿದ್ದಳು, ಗುಟ್ಟು ಹೊರಬೀಳುವ ಹಾಗಿರಲಿಲ್ಲ. ಆದರೆ ಅಜ್ಜಿಯ ಪ್ರೀತಿಗೆ ಅವಳು ಲೆಕ್ಕ ಇಟ್ಟಿರಲಿಲ್ಲ. ಬಂಡೆಗಳ ಕಾವಿಗೆ ಊರೆಲ್ಲ ಹೆಂಚಿನ ಹಾಗೆ ಸುಡುತ್ತಿದ್ದ ಒಂದು ಮಧ್ಯಾಹ್ನ ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮುದ್ದಿಗೆ ತೆಲುಗು ಬೆರೆಸಿ, "ಬಂಗಾರು ತಲ್ಲಿ, ಸೀರೆ ಯಾಪಾರಕ್ಕೆ ನೂರು ಗಂಡಸ್ರು ಬಂದು ಹೋಗೋ ಮನೆ ಇದು. ಮೊಣಕಾಲು ಬಿಟ್ಕೊಂಡು ಓಡಾಡ್ತೀಯಾ? ನಿಮ್ಮವ್ವಗೆ ಮಿಲ್ಲು ಮುಖ್ಯ, ಮಗಳು ಬ್ಯಾಡ," ಎಂದು ಗೊಣಗುತ್ತ ನನ್ನ ಲಂಗ ಒಯ್ದಳು. ಮಗಳಿಗೆ ಸಹಾಯವಾಗಲೆಂದು, ಮೊಮ್ಮಗಳು ಮಾನವಾಗಿ ಇರಲೆಂದು, ಕನ್ನಡಕ ಮೂಗಿಗೆ ಏರಿಸಿ, ಬ್ಲೇಡು ಹಿಡಿದು ಮೂರು ಮಡಿಕೆಗಳನ್ನೂ ಕೂತಲ್ಲೇ ಒಂದೇ ಸಲಕ್ಕೆ ಬಿಚ್ಚಿದಳು. ಅದನ್ನು ತೊಟ್ಟಾಗ ಅಂಚು ನನ್ನ ಹಿಮ್ಮಡಿಗೆ ತಾಗಿತು. ಕನ್ನಡಿ ಮುಂದೆ ನಿಂತು ಗಿರ್ರನೆ ತಿರುಗಿದೆ. ಅಷ್ಟು ಸಂತೋಷ ನನಗೆ ಆಮೇಲೆ ಪರೀಕ್ಷೆ ಪಾಸಾದಾಗಲೂ ಆಗಿಲ್ಲ.

ಊರಿಗೆ ಮರಳುವ ದಿನ ಅದನ್ನೇ ತೊಟ್ಟುಕೊಂಡು ಬಸ್ ಹತ್ತಿದೆ. ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸಿ ಬಿದ್ದೆ, ಎದ್ದು ನೆರಿಗೆ ಎತ್ತಿ ಹಿಡಿದು ಗೆಳತಿಯರ ಹಾಗೆಯೇ ಓಣಿಯೊಳಗೆ ನಡೆದೆ. ಗಂಗಮ್ಮ ಶೇಂಗಾ ಸುಲಿಯುತ್ತಿದ್ದವಳು ಮೊರ ಕೆಳಗಿಟ್ಟಳು. "ಅಂದ್ರೆ ಆದ್ಯೇನೇ ಹುಡುಗಿ? ಮೊಳಕಾಲ್ಮೂರಲ್ಲಿ ಆದ್ಯಾ?" ಎಂದಳು. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ನಾಚಿ ನಕ್ಕೆ. ಅಷ್ಟು ಸಾಕಾಯಿತು.

ಬಾಗಿಲಲ್ಲಿ ಅವ್ವ ನನ್ನನ್ನು ನೋಡಿದಳು, ಆಮೇಲೆ ಲಂಗವನ್ನು ನೋಡಿದಳು. ಬಯ್ಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು "ಯಾರು ಬಿಚ್ಚಿದ್ದು?" ಎಂದಳು. ಅಜ್ಜಿ ಎಂದೆ. ಅವಳ ಮುಖದಲ್ಲಿ ಆಗ ಕಂಡದ್ದು ಹೆದರಿಕೆ ಎಂದು ತಿಳಿಯುವಷ್ಟು ದೊಡ್ಡವಳು ನಾನು ನಿಜಕ್ಕೂ ಆಗಿರಲಿಲ್ಲ. ಸಂಜೆಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಕೊಬ್ಬರಿ ಬಟ್ಟಲು, ಬೆಲ್ಲದಚ್ಚು ಹಿಡಿದು ಪಡಸಾಲೆ ತುಂಬಿದರು. ಕೊಡಲು ಬಂದವರ ಕೈ ತಳ್ಳುವುದು ಹೇಗೆ? ಅವ್ವ ಎಲ್ಲವನ್ನೂ ಸೆರಗೊಡ್ಡಿ ತೆಗೆದುಕೊಂಡಳು.

ಸುದ್ದಿ ಬಸ್ಸಿಗಿಂತ ಮೊದಲೇ ಮೊಳಕಾಲ್ಮೂರು ತಲುಪಿತು. ಮೂರ್ನಾಲ್ಕು ದಿನಕ್ಕೆ ಅಜ್ಜಿ ರೇಷ್ಮೆ ಸೀರೆ ಹಿಡಿದು ಬಂದಳು, ಹಿಂದೆ ಶೇಖರಮಾವ ಹೆಗಲ ಮೇಲೆ ಹಸಿ ತೆಂಗಿನ ಗರಿಗಳ ಹೊರೆ ಹೊತ್ತು ಬಂದ. ಹುಡುಗಿಗೆ ಗರಿಯ ಗುಡಿಸಲು ಕಟ್ಟಿ ಕೂರಿಸುವುದು ಸೋದರಮಾವನ ಕೆಲಸ. ನಮ್ಮಲ್ಲಿ ಅದು ಶಾಸ್ತ್ರಕ್ಕೆ ಮಾತ್ರ, ಆದರೂ ಅವನೇ ಕಟ್ಟಬೇಕು. ನಾನು ಓಡಿಹೋಗಿ "ಮಾವ" ಎಂದು ಕೈ ಹಿಡಿಯಹೋದೆ. ಹೆಂಗಸರು ಕಿಸಕ್ಕನೆ ನಕ್ಕರು. ಗಂಗಮ್ಮ "ಈಗ್ಲೇ ಏನವಸರ?" ಎಂದಳು. ಮಾವ ನನ್ನ ಮುಖ ನೋಡದೆ ಗರಿಗಳನ್ನು ಸರಿಪಡಿಸಿಕೊಳ್ಳತೊಡಗಿದ. ನನ್ನ ಕೈ ಗಾಳಿಯಲ್ಲೇ ಉಳಿಯಿತು. ದೊಡ್ಡವಳಾಗುವುದು ಎಂದರೇನೆಂದು ಆ ಕ್ಷಣ ಮೊದಲ ಸಲ ನನಗೆ ಅರ್ಥವಾಯಿತು, ಅರ್ಥವಾದದ್ದು ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ.

ಅಡುಗೆಮನೆಯಲ್ಲಿ ಅವ್ವ ಹೋಳಿಗೆಗೆ ಶೇಂಗಾ ಹುರಿಯುತ್ತಿದ್ದಳು. ನಾನು ನೀರು ಕುಡಿಯುವ ನೆಪದಲ್ಲಿ ಅಲ್ಲೇ ಇದ್ದೆ. ಅಜ್ಜಿ ಬಂದು ಮಣೆ ಎಳೆದುಕೊಂಡು ಕೂತಳು.

"ಕೇಳಿದ್ರೆ ಹುಡುಗಿ ಎಲ್ಲ ಹೇಳಿದ್ಲು. ಒಂದು ವರ್ಷ ಮುಚ್ಚಿಟ್ಟಿದೀಯ. ಹೆತ್ತ ತಾಯಿಗೆ ಹೇಳಕಾಗ್ಲಿಲ್ಲ ನಿನಗೆ. ಇರ್ಲಿ. ಶೇಖರಂದೂ ವಯಸ್ಸಾಗ್ತಾ ಐತೆ, ಬರೋ ವರ್ಷ ಮಾಡಿಬಿಡಾನ. ಇನ್ನು ಸ್ಕೂಲಿಗೆ ಯಾಕೆ?"

ಅವ್ವ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. "ನನ್ ಲಂಗನೂ ನೀನೇ ಬಿಚ್ಚಿದ್ದೆ ಅವ್ವ. ಹಿಂಗೇ, ಮೂರೂ ಒಂದೇ ಸಲಕ್ಕೆ. ನೆನಪೈತಾ?"

"ಬಿಚ್ಚದೆ? ಒಳ್ಳೆ ಮನೆ ನೋಡಿ ಕೊಟ್ಟೆ. ಏನು ಕಮ್ಮಿ ಆಗೈತೆ ನಿನಗೆ?"

"ಕಮ್ಮಿ ಏನಿಲ್ಲ. ಅವರೂ ಒಳ್ಳೆಯವರೇ." ಅವ್ವ ಬಾಣಲೆ ಇಳಿಸಿದಳು. "ನನ್ನ ಮದುವೆ ಆದ್ಮೇಲೂ ನಮ್ ಲೆಕ್ಕದ ಮೇಷ್ಟ್ರು ತಿಂಗಳೆಲ್ಲ ಹಾಜರಿಯಾಗೆ ನನ್ ಹೆಸರು ಕೂಗ್ತಿದ್ರಂತೆ. ನಾಳೆ ಬಂದಾಳು ಅಂತ. ಗೆಳತಿ ಒಬ್ಬಳು ಈ ಮನೆಗೆ ಬಂದು ಹೇಳಿದ್ಲು. ಆಗ ನಾನು ಇದೇ ಒಲೆ ಮುಂದೆ ಕುಂತಿದ್ದೆ. 'ಬಂದೆ ಸಾ' ಅನ್ನೋಣ ಅಂತ ಬಾಯಿಗೆ ಬಂತು ನೋಡು. ಈಗ್ಲೂ ಒಂದೊಂದು ದಿನ ಬರ್ತೈತೆ."

ಶೇಂಗಾ ತಣ್ಣಗಾಗುವ ಚಿಟಿಚಿಟಿ ಸದ್ದು ಕೇಳುತ್ತಿತ್ತು. ನಾನು ಬರೀ ಲೋಟ ತುಟಿಗಿಟ್ಟುಕೊಂಡು ನಿಂತೇ ಇದ್ದೆ. ನನ್ನ ಅವ್ವನಿಗೂ ಒಂದು ಹಾಜರಿ, ಒಂದು ಬೆಂಚು, ಒಬ್ಬರು ಮೇಷ್ಟ್ರು ಇದ್ದರೆಂಬುದು ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ.

ಹಿತ್ತಲ ಬಾಗಿಲಲ್ಲಿ ಗರಿಯ ಹೊರೆ ಹೊತ್ತ ಶೇಖರಮಾವ ನಿಂತಿದ್ದ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. "ಅಕ್ಕ, ಇದನ್ನ ಎಲ್ಲಿ ಹಾಕ್ಲಿ?" ಎಂದ. ಆಮೇಲೆ ಅಜ್ಜಿಯ ಕಡೆ ತಿರುಗಿ ಮುಂದುವರಿಸಿದ: "ಅವ್ವ, ಸೈಕಲ್ ಹಿಂದೆ ಕುಂತು ಮಗ್ಗಿ ಹೇಳೋ ಹುಡುಗಿ ಅದು. ನನ್ ಕೈಲಾಗಲ್ಲ. ನೀನು ಬೇರೆ ಕಡೆ ನೋಡು." ಹೇಳಿದವನೇ ಅಂಗಳಕ್ಕೆ ಹೋಗಿ, ನನಗಾಗಿ ತಂದ ಗರಿಗಳನ್ನೆಲ್ಲ ನೀರಿನ ಗಡಿಗೆಗಳ ಮೇಲೆ ಕಟ್ಟಿ ಚಪ್ಪರ ಹಾಕಿದ. ಆ ಬೇಸಿಗೆಯೆಲ್ಲ ನಮ್ಮ ಮನೆಯ ನೀರು ತಣ್ಣಗಿತ್ತು.

ಆರತಿಯನ್ನು ಅವ್ವ ನಿಲ್ಲಿಸಲಿಲ್ಲ. ನನ್ನ ಆಸೆ ಅವಳಿಗೆ ಗೊತ್ತಿತ್ತು. ಆ ಚಪ್ಪರದ ನೆರಳಲ್ಲೇ ಹಸೆಮಣೆ ಹಾಕಿ, ಹೂವಿನ ಜಡೆ ಹೆಣೆದು, ಚಿಗಳಿ ತಿನ್ನಿಸಿ, ಎಲ್ಲ ಹಾಡೂ ಹೇಳಿಸಿದಳು. ಮಾರನೆಯ ದಿನ ಹೊರಡುವ ಮುಂಚೆ ಅಜ್ಜಿ ನನ್ನ ಲಂಗ ತರಲು ಹೇಳಿದಳು. ಸೂಜಿಗೆ ದಾರ ನಾನೇ ಪೋಣಿಸಿಕೊಟ್ಟೆ. ನೀಲಿ ದಾರ ಸಿಗಲಿಲ್ಲ, ಬಿಳಿಯದೇ ಆಯಿತು. ತಾನು ಬಿಚ್ಚಿದ ಮೂರರಲ್ಲಿ ಮೇಲಿನ ಒಂದನ್ನು ಅಜ್ಜಿ ಮತ್ತೆ ಮಡಿಸಿ, ಕಣ್ಣು ಕಿರಿದುಮಾಡಿಕೊಂಡು, ತಪ್ಪಿದಲ್ಲಿ ಬಿಚ್ಚಿ, ಮತ್ತೆ ಹಾಕಿ, ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡು ಹೊಲಿದು ಮುಗಿಸಿದಳು. ಅವ್ವನ ಕೈಗೆ ಕೊಡುವಾಗ ಹೇಳಿದ್ದು ಇಷ್ಟೇ: "ಒಂದು ಇರ್ಲಿ. ಇನ್ನಾ ಬೆಳೆಯೋ ಹುಡುಗಿ." ಅವ್ವ ಅಷ್ಟು ದಿನಕ್ಕೆ ಆಗ ಅತ್ತಳು.

ಜೂನಿನಲ್ಲಿ ನಾನು ಒಂಬತ್ತನೆಯ ತರಗತಿಗೆ ಹೋದೆ. ಮೊಣಕಾಲಿಗೂ ಅಲ್ಲದ ಹಿಮ್ಮಡಿಗೂ ಅಲ್ಲದ ಆ ಲಂಗವನ್ನು ಹೇಗೆ ಓದಬೇಕೆಂದು ನಮ್ಮ ಓಣಿಗೆ ತಿಳಿಯಲಿಲ್ಲ. ಓದಿ, ಟೀಚರಾಗಿ, ಇಲ್ಲೇ ಚಳ್ಳಕೆರೆಗೇ ಬಂದೆ. ಈಗಿನ ಹುಡುಗಿಯರು ಚೂಡಿದಾರ ತೊಟ್ಟು ಸೈಕಲ್ಲಿನಲ್ಲಿ ಬರುತ್ತಾರೆ, ಮಡಿಕೆ ಬಿಚ್ಚುವ ಕೆಲಸವಿಲ್ಲ. ಆದರೂ ಓದುವವರು ಬೇರೇನೋ ಓದಿಕೊಳ್ಳುತ್ತಾರೆ: ವೇಲಿನ ಪಿನ್ನು, ಮಿಸ್ಡ್ ಕಾಲ್, ಬಸ್ಸಿನಲ್ಲಿ ಪಕ್ಕ ಕೂತವರು ಯಾರು ಎಂಬುದು. ಹುಡುಗಿಯೊಬ್ಬಳ ಜಾಗ ಖಾಲಿಯಾದರೆ ನಾನು ಅವಳ ಹೆಸರನ್ನು ದಾಟುವುದಿಲ್ಲ. ದಿನಾ ಕೂಗುತ್ತೇನೆ, ಸ್ವಲ್ಪ ಜೋರಾಗಿಯೇ ಕೂಗುತ್ತೇನೆ. ಸಹೋದ್ಯೋಗಿಗಳು ನನ್ನದು ಅತಿಯಾಯಿತೆಂದು ನಗುತ್ತಾರೆ, ನಗಲಿ.

ಒಮ್ಮೆ ಹಾಗೆ ಕೂಗುತ್ತಿದ್ದ ಹೆಸರು ಪಾಲಮ್ಮ. ಮಳೆಗಾಲವೆಲ್ಲ ಕೂಗಿದ್ದೆ. ಒಂದು ಬೆಳಿಗ್ಗೆ ಅವಳನ್ನು ರಟ್ಟೆ ಹಿಡಿದು ಕರೆದುಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬಂದಳು. ಕೈಗೆಲ್ಲ ಸಿಮೆಂಟು, ಕುದಾಪುರದಲ್ಲಿ ಏಳುತ್ತಿದ್ದ ಕಟ್ಟಡಗಳ ಕೆಲಸದಿಂದ ಸೀದಾ ಬಂದವಳು. ನಗುವಾಗ ಗೊತ್ತಾಯಿತು, ಓಬಕ್ಕ.

"ನನ್ ಮಗಳು. ಸಂಬಂಧ ಬಂದೈತೆ ಅಂತ ಅವರಪ್ಪ ಬಿಡಿಸಿದ್ರು," ಎಂದಳು. "ನೀನು ದಿನಾ ಇವಳ ಹೆಸರು ಕೂಗ್ತೀಯಂತೆ, ಹಟ್ಟಿ ಹುಡುಗ್ಯಾರು ಬಂದು ಹೇಳೋರು. ಕೇಳಿ ಕೇಳಿ ತಡೆಯಕಾಗ್ಲಿಲ್ಲ ಕಣೇ." ಮಗಳನ್ನು ಒಳಗೆ ತಳ್ಳಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಬೇಸರವಿಲ್ಲದ ದನಿಯಲ್ಲಿ ಹೇಳಿದಳು: "ನನ್ ಹೆಸರು ಯಾರೂ ಕೂಗಿರ್ಲಿಲ್ಲ ನೋಡು."

ಅಂದು ಮನೆಗೆ ಬಂದು ಟ್ರಂಕು ತೆಗೆದು ಲಂಗವನ್ನು ತೊಡೆಯ ಮೇಲೆ ಹರವಿಕೊಂಡು ಕೂತೆ. ಖಾಲಿ ಜಾಗದಲ್ಲಿ ಬ್ಯಾಗು ಇಟ್ಟುಕೊಂಡ ಹುಡುಗಿಯೂ, ಒಲೆ ಮುಂದೆ "ಬಂದೆ ಸಾ" ನುಂಗಿಕೊಂಡ ಹುಡುಗಿಯೂ ಒಂದೇ ಬೆಂಚಿಗೆ ಬಂದು ಕೂರಲು ಇಷ್ಟು ವರ್ಷ ಬೇಕಾಯಿತು ನೋಡಿ. ಹತ್ತನೆಯ ತರಗತಿಯಲ್ಲಿ ಲಂಗ ಗಿಡ್ಡವಾದಾಗ ಅವ್ವ ಹೊಸದು ಹೊಲಿಸಿದಳೇ ಹೊರತು ಅಜ್ಜಿಯ ಹೊಲಿಗೆಗೆ ಬ್ಲೇಡು ತಾಗಿಸಲಿಲ್ಲ. ಬಟ್ಟೆಯೆಲ್ಲ ಬೂದಿಯಾಗಿದೆ, ದಾರ ಹಳದಿಯಾಗಿದೆ. ಉಗುರಿನಿಂದ ಆ ಮಡಿಕೆಯ ತುದಿಯನ್ನು ಸ್ವಲ್ಪವೇ ಬಿಡಿಸಿ ಇಣುಕಿದೆ. ಒಳಗಿನ ನೀಲಿ ಇನ್ನೂ ಹಾಗೇ ಇತ್ತು. ಮರುದಿನ ಹಾಜರಿ ಕೂಗುವಾಗ ಪಾಲಮ್ಮನ ಹೆಸರಿಗೆ "ಬಂದೆ ಮಿಸ್" ಎಂಬ ಉತ್ತರ ಬಂತು. ಕೇಳಲಿಲ್ಲವೆಂಬಂತೆ ನಾನು ಇನ್ನೊಂದು ಸಲ ಕೂಗಿದೆ.